ಬೇಬಿ ಟೀಚರ್ ಆಡಿದ ಮಾತು

ಮಧ್ಯಾಹ್ನ ಪ್ರಿನ್ಸಿಪಾಲರ ಕೋಣೆಯಲ್ಲಿ ಒಂದು ಮಾತುಕತೆ ಇದೆ ಎಂಬುದೊಂದನ್ನು ಬಿಟ್ಟರೆ ಆ ದಿನ ಉಳಿದ ದಿನಗಳ ಹಾಗೆಯೇ ಶುರುವಾಯಿತು. ಬೇಬಿ ಎದ್ದಾಗ ಹೀಟರಿನ ಒಣಗಾಳಿಗೆ ಗಂಟಲು ಕಟ್ಟಿತ್ತು, ತುಟಿ ಬಿರಿದಿತ್ತು. ಕಲ್ಲಾಗಿ ಕೂತಿದ್ದ ತೆಂಗಿನೆಣ್ಣೆಯ ಬಾಟಲಿಯನ್ನು ಬಿಸಿನೀರಿನ ನಲ್ಲಿಯ ಕೆಳಗೆ ಹಿಡಿದು, ಕರಗಿದ ನಾಲ್ಕು ಹನಿಯನ್ನು ತಲೆಗೂ ತುಟಿಗೂ ಹಚ್ಚಿಕೊಂಡಳು. ಆಮೇಲೆ ಬಟ್ಟೆ. ಒಳಗೆ ಥರ್ಮಲ್ಲು, ಅದರ ಮೇಲೆ ಚೂಡಿದಾರದ ಟಾಪು, ಅದರ ಮೇಲೆ ಸ್ವೆಟರು, ಅದರ ಮೇಲೆ ಕೋಟು, ಕಾಲಿಗೆ ಎರಡೆರಡು ಸಾಕ್ಸು. ಇಷ್ಟನ್ನೂ ಹಾಕಿಕೊಂಡು ಬೂಟಿನ ದಾರ ಬಿಗಿದ ಮೇಲೆ ಬಾತ್‌ರೂಮಿಗೆ ಹೋಗಬೇಕೆನ್ನಿಸುವುದು ಇಲ್ಲಿನ ಚಳಿಗಾಲದ ನಿಯಮ. ಹೋಗಿ ಬಂದಳು. ಮತ್ತೆ ಎಲ್ಲವನ್ನೂ ಹಾಕಿಕೊಂಡಳು. ಮಾತುಕತೆ ಎಂದರೆ ಏನು ಎಂದು ಯೋಚಿಸಿದಳು. ಕಾರ್ಕಳದ ಹೈಸ್ಕೂಲಿನಲ್ಲಿ ಹೆಡ್ಮಾಸ್ಟರರು ಕೋಪ ಬಂದರೆ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಕೂಗುತ್ತಿದ್ದರು. ಕೂಗಿ ಮುಗಿಸಿದ ಮೇಲೆ ಅವರೇ ಚಹಾ ತರಿಸುತ್ತಿದ್ದರು. ಇಲ್ಲಿ ಯಾರೂ ಕೂಗುವುದಿಲ್ಲ. ನಕ್ಕು, ಹೊರಗಿನ ಚಳಿ ಹೇಗಿದೆ ಎಂದು ವಿಚಾರಿಸಿ, ಒಂದು ಮಾತುಕತೆಗೆ ಕರೆಯುತ್ತಾರೆ.

ನ್ಯೂಜರ್ಸಿಯ ವೆಸ್ಟ್ ವಿಂಡ್ಸರಿನ ಆ ಬೇಸ್‌ಮೆಂಟ್ ಕೋಣೆಗೆ ಕಿಟಕಿ ಎಂದು ಕರೆಯಬಹುದಾದ್ದು ಒಂದೇ ಇತ್ತು, ಅದೂ ಸೂರಿಗೆ ತಾಗಿಕೊಂಡು. ಹಿಮ ಬಿದ್ದ ದಿನ ಅದು ಬೆಳ್ಳಗೆ ಮುಚ್ಚಿಹೋಗುತ್ತಿತ್ತು. ಆದರೂ ಆ ಕೋಣೆಗೊಂದು ಬಾಗಿಲಿತ್ತು, ಆ ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ಊರಲ್ಲಿ ಅಣ್ಣನ ಮನೆಯಲ್ಲಿ ಅವಳು ಮಲಗುತ್ತಿದ್ದುದು ಅಕ್ಕಿಯ ಡ್ರಮ್ಮಿನ ಪಕ್ಕ, ಎಲ್ಲರೂ ಹಾದುಹೋಗುವ ನಡುಕೋಣೆಯಲ್ಲಿ. ಬೆಳಿಗ್ಗೆ ಅತ್ತಿಗೆ ಅಕ್ಕಿ ತೆಗೆಯಲು ಬಂದಾಗ ಕಾಲು ಮಡಚಿ ಜಾಗ ಕೊಡಬೇಕು. ನಲವತ್ತು ದಾಟಿದ, ಮದುವೆಯಾಗದ ಹೆಂಗಸಿಗೆ ಕೋಣೆ ಯಾಕೆ ಎಂದು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ, ಪಾಪ. ಕೇಳುವ ಅಗತ್ಯವೇ ಬಿದ್ದಿರಲಿಲ್ಲ. ಇಲ್ಲಿಗೆ ಬಂದ ಮೊದಲ ದಿನ ಬೇಬಿ ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಶಿಕ್ಷಕರ ವಿನಿಮಯದ ವೀಸಾದಲ್ಲಿ ಬಂದವಳು ಅವಳು. ಶಾಲೆಯವರು ಬೇಡವೆಂದರೆ ಕರೆಸಿದ ಏಜೆನ್ಸಿಯವರು ವಿಮಾನದ ಟಿಕೆಟು ಕಳಿಸುತ್ತಾರೆ. ಮಧ್ಯಾಹ್ನದ ಮಾತುಕತೆ ಕೆಟ್ಟರೆ ಮತ್ತೆ ಆ ಡ್ರಮ್ಮಿನ ಪಕ್ಕ. ಇದರಲ್ಲಿ ತಿಳಿಯದಿರುವಂಥದ್ದು ಏನೂ ಇರಲಿಲ್ಲ.

ಶಾಲೆಗೆ ಅವಳು ನಡೆದೇ ಹೋಗುತ್ತಿದ್ದಳು. ಫುಟ್‌ಪಾತಿನ ಮೇಲೆ ಹಿಮ ಗುಡ್ಡೆಬಿದ್ದ ಕಡೆ ರಸ್ತೆಗೆ ಇಳಿಯಬೇಕು. ಆಗ ಕಾರುಗಳು ನಿಧಾನವಾಗುತ್ತವೆ, ಗಾಜಿನ ಹಿಂದಿನಿಂದ ಯಾವುದೋ ಮಗುವಿನ ತಾಯಿ ಕನಿಕರದಿಂದ ನೋಡುತ್ತಾಳೆ. ನಾಯಿ ಇಲ್ಲದೆ ನಡೆಯುವವರನ್ನು ಕಂಡರೆ ಈ ಊರಿಗೆ ಏನೋ ಅನುಮಾನ. ಇವತ್ತು ಅವರೆಲ್ಲ ತನ್ನನ್ನು ಗುರುತು ಹಿಡಿದೇ ನೋಡುತ್ತಿದ್ದಾರೆ ಎನ್ನಿಸಿತು. ಅಗೋ, ಅವಳೇ. ಮಗುವಿನ ಕಾಲು ಮುರಿಯುತ್ತೇನೆ ಎಂದವಳು. ಅಂದದ್ದಷ್ಟೇ ಅಲ್ಲ, ಮುರಿದೇ ಹೋಯಿತಂತೆ. ಬೇಬಿ ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡಳು. ಕನ್ನಡಕದ ಮೇಲೆ ಉಸಿರು ಕೂತು ರಸ್ತೆ ಕಾಣದಾಯಿತು.

ಅವಳ ಹೆಸರೂ ಇಲ್ಲಿಗೆ ಬಂದ ಮೇಲೆ ಏನೇನೋ ಆಗಿತ್ತು. ಅಪ್ಪ ಶಾಲೆಗೆ ಸೇರಿಸುವಾಗ ಬರೆಸಿದ್ದು ಬೇಬಿ ಎಂದು, ಬರೇ ಬೇಬಿ. ಪಾಸ್‌ಪೋರ್ಟಿನಲ್ಲೂ ಅಷ್ಟೇ. ಒಂದೇ ಹೆಸರಿನವರನ್ನು ಅಮೆರಿಕದ ವೀಸಾ ನಂಬುವುದಿಲ್ಲ. ಇದ್ದ ಒಂದನ್ನು ಮನೆತನದ ಹೆಸರಾಗಿ ಮಾಡಿ, ಮುಂದೆ ಎಫ್‌ಎನ್‌ಯು ಎಂದು ಹಾಕುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದರ್ಥ. ಶಾಲೆಯ ಆಫೀಸಿನಲ್ಲಿದ್ದ ಹೆಂಗಸು ಅದನ್ನು ‘ಫ್ನೂ’ ಎಂದು ಓದಿ, ಎಷ್ಟು ಚೆಂದದ ಹೆಸರು, ಇದಕ್ಕೆ ನಿಮ್ಮ ಭಾಷೆಯಲ್ಲಿ ಅರ್ಥವೇನು ಎಂದು ಕೇಳಿದ್ದಳು. ಬೇಬಿ ಉತ್ತರ ಹೊಳೆಯದೆ ‘ಹೂವು’ ಎಂದಿದ್ದಳು. ಮಕ್ಕಳಿಗೆ ಅವಳು ಮಿಸ್ ಬೇಬಿ. ಮೊದಲ ವಾರವಿಡೀ ನಗು. ಕಾರ್ಕಳದಲ್ಲಿ ಬೇಬಿ ಟೀಚರ್ ಬಂದರು ಎಂದರೆ ಇಡೀ ವರಾಂಡ ಗಪ್‌ಚಿಪ್ಪಾಗುತ್ತಿತ್ತು. ಅವಳು ಗಂಟಲು ಸರಿಮಾಡಿಕೊಂಡರೆ ಸಾಕು, ಹಿಂದಿನ ಬೆಂಚಿನ ಮೀಸೆ ಬಂದ ಹುಡುಗರೂ ಲೆಕ್ಕದ ಪುಸ್ತಕ ಬಿಡಿಸುತ್ತಿದ್ದರು. ಇಲ್ಲಿ ಗಂಟಲು ಸರಿಮಾಡಿಕೊಂಡರೆ ಯಾವುದೋ ಒಂದು ಮಗು ‘ಬ್ಲೆಸ್ ಯೂ’ ಎನ್ನುತ್ತದೆ. ಗದರಬಾರದೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ‘ದಯವಿಟ್ಟು ಇನ್ನೂ ಒಳ್ಳೆಯ ಆಯ್ಕೆ ಮಾಡು’ ಎನ್ನಬೇಕು. ಪೆನ್ಸಿಲಿನಿಂದ ಪಕ್ಕದವನ ಕುತ್ತಿಗೆ ಚುಚ್ಚುವವನಿಗೂ ಅದೇ, ಮೇಜು ಹತ್ತಿ ಕುಣಿಯುವವನಿಗೂ ಅದೇ. ಇಂಗ್ಲಿಷಿನಲ್ಲಿ ತಾನು ಇಷ್ಟು ಸಾಧು ಹೆಂಗಸು ಎಂಬುದು ಬೇಬಿಗೂ ಇಲ್ಲಿಗೆ ಬಂದ ಮೇಲೆಯೇ ಗೊತ್ತಾದದ್ದು.

ಹಾಗಿರುವಾಗ ಒಂದು ದಿನ ಬೋರ್ಡಿನ ಮೇಲೆ ಯಾರೋ ಬರೆದ ಭಿನ್ನರಾಶಿಯನ್ನು ಕಂಡು ಅವಳ ಬಾಯಿಂದ ‘ಅಯ್ಯೋ ದೇವರೇ, ಇದೆಂತ ಅವಸ್ಥೆ’ ಎಂದು ಬಂದುಬಿಟ್ಟಿತ್ತು. ಕಿಟಕಿಯ ಪಕ್ಕದ ಸಾಲಿನಿಂದ ಕಿಸಕ್ಕನೆ ನಗು ಕೇಳಿತು. ಸಿಯಾ. ಆರನೇ ಕ್ಲಾಸಿನ ಹುಡುಗಿ, ಹಲ್ಲಿಗೆ ತಂತಿ, ಯಾವಾಗಲೂ ಬಿಚ್ಚಿದ ಶೂ ದಾರ. ಅಪ್ಪ ಶಿವರಾಮ್ ಮಂಡ್ಯದ ಕಡೆಯವನು, ದಿನಾ ಪ್ರಿನ್ಸ್‌ಟನ್ ಜಂಕ್ಷನ್ನಿನಿಂದ ರೈಲು ಹಿಡಿದು ಜರ್ಸಿ ಸಿಟಿಗೆ ಕೆಲಸಕ್ಕೆ ಹೋಗುವವನು. ಮನೆಯಲ್ಲಿ ಅಜ್ಜಿ ಇದ್ದಾಳೆ, ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಬಾರದು. ಅಂದಿನಿಂದ ಬೇಬಿಗೆ ಆ ಕ್ಲಾಸಿನಲ್ಲಿ ಒಂದು ಜಾಗ ಸಿಕ್ಕಿತು. ಎಲ್ಲರಿಗೂ ‘ಒಳ್ಳೆಯ ಆಯ್ಕೆ’ ಹೇಳಿ ಮುಗಿಸಿ, ಸಿಯಾಳ ಮೇಜಿನ ಹತ್ತಿರ ಬಂದಾಗ ಮಾತ್ರ ದನಿ ತಗ್ಗಿಸಿ ‘ಎಂತ ಮಾರಾಯ್ತಿ, ನಿದ್ದೆಯಾ?’ ಎನ್ನುವಳು. ಸಿಯಾ ಇಂಗ್ಲಿಷಿನಲ್ಲೇ ಉತ್ತರ ಕೊಡುವಳು, ಆದರೆ ಕಣ್ಣು ಹೊಳೆಯುತ್ತಿತ್ತು. ದಿನಕ್ಕೆ ಆ ಒಂದು ಗಳಿಗೆ ಬೇಬಿ ಮತ್ತೆ ಬೇಬಿ ಟೀಚರ್. ಆ ಹುಡುಗಿಯ ಮೇಲೆ ಅವಳಿಗೆ ವಿಪರೀತ ಪ್ರೀತಿ ಹುಟ್ಟಿಬಿಟ್ಟಿತ್ತು, ಸುಮ್ಮನೆ ಮುಚ್ಚಿಡುವುದೇಕೆ.

ಆಗಿದ್ದು ಇಷ್ಟೇ. ಶಾಲೆ ಬಿಡುವ ಹೊತ್ತು, ಬಸ್ಸುಗಳ ಹತ್ತಿರ ನಿಲ್ಲುವ ಡ್ಯೂಟಿ ಬೇಬಿಯದು. ಬೆಳಿಗ್ಗೆ ಕರಗಿದ ಹಿಮ ಮಧ್ಯಾಹ್ನದ ಗಾಳಿಗೆ ಮತ್ತೆ ಗಟ್ಟಿಯಾಗಿ, ಕಣ್ಣಿಗೆ ಕಾಣದ ಪದರವಾಗಿ ಡಾಂಬರಿನ ಮೇಲೆ ಕೂತಿತ್ತು. ಸಿಯಾ ಬಾಗಿಲಿನಿಂದ ಹೊರಗೆ ಓಡಿ ಬಂದಳು. ಕೋಟು ಮೈಮೇಲಿಲ್ಲ, ಕೈಯಲ್ಲಿ ಎಳೆದುಕೊಂಡು ಬರುತ್ತಿದ್ದಾಳೆ, ಶೂ ದಾರ ಬಿಚ್ಚಿದೆ. ಮುಂದೆ ಗೆಳತಿ ಕಿಯಾರಾ, ಅವಳನ್ನು ಹಿಡಿಯಬೇಕು. ಬೇಬಿಗೆ ಆ ಕ್ಷಣ ಇಂಗ್ಲಿಷು ನೆನಪಿಗೇ ಬರಲಿಲ್ಲ. ‘ಏ ಸಿಯಾ! ಓಡಬೇಡ! ಕಾಲು ಮುರಿದು ಕೈಗೆ ಕೊಡ್ತೇನೆ ನೋಡು!’ ಎಂದು ಕೂಗಿದಳು. ಎಷ್ಟೋ ತಿಂಗಳ ಮೇಲೆ ಗಂಟಲು ಪೂರ್ತಿ ತೆರೆದು ಬಂದ ಕೂಗು. ಅದರ ಸುಖವೂ ಅವಳಿಗೆ ಗೊತ್ತಾಗಿತ್ತು, ಅದೇ ಈಗ ಹೆಚ್ಚು ಚುಚ್ಚುವುದು. ಸಿಯಾ ತಿರುಗಿ ನೋಡಿ ತಂತಿಯ ಹಲ್ಲು ಪೂರಾ ಕಾಣುವ ಹಾಗೆ ನಕ್ಕಳು. ಹಾಗೆ ನಗುತ್ತಲೇ ಜಾರಿದಳು. ಒಣ ಕಡ್ಡಿ ಮುರಿದಂಥ ಸದ್ದಾಯಿತು. ನೆಲದ ಮೇಲೆ ಬಿದ್ದು ಅಳುತ್ತಿದ್ದ ಅವಳ ಹತ್ತಿರ ಮೊದಲು ಬಂದವಳು ಕಿಯಾರಾ, ಮಿಸ್ ಬೇಬಿ ಏನೆಂದು ಕೂಗಿದರು ಎಂದು ಕೇಳಿದಳು. ಸಿಯಾ ಬಿಕ್ಕುತ್ತಲೇ ಒಂದೊಂದು ಪದವನ್ನೂ ಬಿಡದೆ ಇಂಗ್ಲಿಷಿಗೆ ಇಳಿಸಿ ಹೇಳಿದಳು. ಕಾಲು ಮುರಿದು ಕೈಗೆ ಕೊಡುತ್ತಾರಂತೆ. ಕಿಯಾರಾ ಅದನ್ನು ಮನೆಗೆ ಒಯ್ದಳು. ಅವಳ ತಾಯಿ ಬೆದರಿಕೆ ಎಂಬ ಪದ ಹಾಕಿ ಶಾಲೆಗೆ ಬರೆದಳು.

ಊರಿನಲ್ಲಾಗಿದ್ದರೆ ಬೇಬಿ ಅದೇ ಸಂಜೆ ಕಿತ್ತಳೆ ಹಣ್ಣು, ಒಂದು ಹಾರ್ಲಿಕ್ಸ್ ಡಬ್ಬಿ ಹಿಡಿದುಕೊಂಡು ಆಸ್ಪತ್ರೆಗೆ ಓಡುತ್ತಿದ್ದಳು. ಹಣ್ಣನ್ನೇನೋ ತಂದಿದ್ದಳು. ಆದರೆ ಮನೆ ಮಾಲೀಕ ರಮಾನಾಥ ಅಂಕಲ್ ಮೆಟ್ಟಿಲಲ್ಲೇ ತಡೆದರು. ಉಡುಪಿಯ ಕಡೆಯವರು, ಹೋಟೆಲು ನಡೆಸಿ ಹಣ್ಣಾದವರು, ಗಿರಾಕಿಯೊಬ್ಬ ಜಾರಿ ಬಿದ್ದದ್ದಕ್ಕೆ ಕೋರ್ಟು ಹತ್ತಿ ಇಳಿದವರು. ‘ಹೋಗ್ಲಿಕ್ಕೇ ಹೋಗ್ಬೇಡಿ ಟೀಚರ್. ಹಣ್ಣು ಹಿಡ್ಕೊಂಡು ಹೋದ್ರೆ ಒಪ್ಪಿಕೊಂಡ ಹಾಗೆ. ಸಾರಿ ಅಂತ ಅಂತೂ ಬಾಯಿಂದ ಬರ್ಲೇಬಾರ್ದು ಮಾರಾಯ್ರೆ, ಈ ದೇಶದಲ್ಲಿ ಸಾರಿ ಅಂದವನೇ ಸಿಕ್ಕಿ ಬೀಳುದು’ ಎಂದರು. ಬೇಬಿ ಹೋಗಲಿಲ್ಲ. ಕಿತ್ತಳೆ ಹಣ್ಣನ್ನು ತಾನೇ ತಿಂದಳು, ಒಂದೊಂದೇ, ವಾರವಿಡೀ. ತಿನ್ನುವಾಗ ನಾಚಿಕೆಯಾಯಿತು. ಹುಡುಗಿಗೆ ಟೀಚರ್ ಬರಲಿಲ್ಲ ಎಂದು ಅನ್ನಿಸಿರುತ್ತದೆ. ಅಥವಾ ಅನ್ನಿಸಿರಲಿಕ್ಕಿಲ್ಲ, ಇಲ್ಲಿ ಯಾರ ಟೀಚರೂ ಬರುವುದಿಲ್ಲ.

ಬೆದರಿಸಿದಳೋ ಇಲ್ಲವೋ ಎಂಬುದು ಬೇಬಿಗೆ ಪ್ರಶ್ನೆಯೇ ಆಗಿರಲಿಲ್ಲ. ಅದು ಪ್ರಿನ್ಸಿಪಾಲರ ಪ್ರಶ್ನೆ, ಏಜೆನ್ಸಿಯವರ ಪ್ರಶ್ನೆ. ಅವಳನ್ನು ತಿನ್ನುತ್ತಿದ್ದುದು ಇನ್ನೊಂದು: ತಾನು ಅಂದದ್ದರಿಂದಲೇ ಮುರಿಯಿತೇ? ಅಮ್ಮ ಇದ್ದಾಗ, ಮುಸ್ಸಂಜೆ ಹೊತ್ತಿನಲ್ಲಿ ಮಕ್ಕಳು ಜಗಳವಾಡಿ ಸಾಯಿ ಹೋಗು ಎಂದರೆ ಅಡಿಗೆಮನೆಯಿಂದಲೇ ಗದರುವಳು, ‘ಬಿಡ್ತು ಅನ್ನು! ಅಸ್ತು ದೇವತೆಗಳು ತಿರುಗುವ ಹೊತ್ತು, ಹಾಗೇ ಆಗಲಿ ಅಂತ ಅಂದುಬಿಟ್ಟರೆ?’ ಎಂದು. ಬೇಬಿ ಬಿ.ಎಸ್ಸಿ., ಬಿ.ಎಡ್. ಸಂಭವನೀಯತೆಯ ಪಾಠವನ್ನು ನಾಣ್ಯ ಚಿಮ್ಮಿಸಿ, ದಾಳ ಉರುಳಿಸಿ, ಊರಲ್ಲೂ ಇಲ್ಲೂ ಚೆನ್ನಾಗಿಯೇ ಮಾಡಿದವಳು. ಒಂದು ಘಟನೆಯಾದ ಮೇಲೆ ಇನ್ನೊಂದು ಆಯಿತೆಂದರೆ ಮೊದಲನೆಯದು ಕಾರಣವಲ್ಲ ಎಂದು ಬೋರ್ಡಿನ ಮೇಲೆ ಬರೆದವಳು. ಆದರೆ ಆ ದಿನ ಶಾಲೆ ಬಿಡುವ ಹೊತ್ತಿಗೆ ಮೋಡ ಕವಿದು ಆಗಲೇ ಮುಸ್ಸಂಜೆಯಂತಾಗಿತ್ತಲ್ಲ. ಅಸ್ತು ದೇವತೆಗಳು ಗಡಿಯಾರ ನೋಡುತ್ತವೋ, ಬೆಳಕು ನೋಡುತ್ತವೋ? ನ್ಯೂಜರ್ಸಿಯೂ ಅವುಗಳ ವ್ಯಾಪ್ತಿಗೆ ಬರುತ್ತದೋ? ಇಂಥ ಯೋಚನೆ ಬಂದದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂದು, ಅಂದು ಅಂಬುಲೆನ್ಸ್ ಹೋದ ಮೇಲೆ ಪಾರ್ಕಿಂಗಿನ ನಡುವೆ ನಿಂತು ‘ಬಿಡ್ತು, ಬಿಡ್ತು’ ಎಂದುಕೊಂಡಿದ್ದಳು. ಮುರಿದ ಮೇಲೆ ಅಂದ ಬಿಡ್ತು. ಅದಕ್ಕೆ ಬೆಲೆಯಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಊಟದ ಹೊತ್ತಿಗೆ ಡಬ್ಬಿ ಬಿಚ್ಚದೆಯೇ ಮಾತುಕತೆಗೆ ಹೊರಟಳು. ಪ್ರಿನ್ಸಿಪಾಲರ ಕೋಣೆಯ ಹೊರಗಿನ ಕಾರಿಡಾರಿನಲ್ಲಿ ಶಿವರಾಮ್ ನಿಂತಿದ್ದ. ಆಫೀಸಿಗೆ ರಜೆ ಹಾಕಿದ್ದರೂ ಕುತ್ತಿಗೆಯಲ್ಲಿ ಆಫೀಸಿನ ಬ್ಯಾಡ್ಜು ನೇತಾಡುತ್ತಿತ್ತು. ‘ನಮಸ್ಕಾರ ಮೇಡಂ. ಟೆನ್ಶನ್ ಮಾಡ್ಕೋಬೇಡಿ, ನಾನು ಎಕ್ಸ್‌ಪ್ಲೇನ್ ಮಾಡ್ತೀನಿ. ಇಟ್ಸ್ ಜಸ್ಟ್ ಎ ವೇ ಆಫ್ ಸ್ಪೀಕಿಂಗ್ ಅಂತ ಹೇಳಿದ್ರೆ ಮುಗೀತು’ ಎಂದ. ಬೇಬಿಗೆ ಅವನ ಕೈ ಹಿಡಿದುಕೊಳ್ಳುವಷ್ಟು ಸಮಾಧಾನವಾಯಿತು. ಅವನ ಹಿಂದೆ ಗಾಲಿಕುರ್ಚಿಯಲ್ಲಿ ಸಿಯಾ, ಮೊಣಕಾಲಿನ ಕೆಳಗೆ ನೇರಳೆ ಬಣ್ಣದ ಪ್ಲಾಸ್ಟರು, ಅದರ ಮೇಲೆಲ್ಲ ಗೆಳತಿಯರ ಸಹಿ. ಕುರ್ಚಿಯ ಹಿಡಿಯನ್ನು ಬೇರೆ ಯಾರಿಗೂ ಬಿಡದೆ ಹಿಡಿದು ನಿಂತಿದ್ದವಳು ಅಜ್ಜಿ ಚಿಕ್ಕತಾಯಮ್ಮ. ಸೀರೆಯ ಮೇಲೆ ಮಗನ ಹಳೆಯ ಜಾಕೆಟ್ಟು, ತಲೆಗೆ ಉಣ್ಣೆಯ ಟೊಪ್ಪಿ, ಮೂಗಿನ ಎರಡೂ ಕಡೆ ಮೂಗುತಿ. ಅವಳು ಬೇಬಿಯ ಮುಖವನ್ನು, ಅದರಲ್ಲೂ ಬಾಯಿಯನ್ನು, ತುಂಬ ಹೊತ್ತು ನೋಡಿದಳು. ನಮಸ್ಕಾರ ಮಾಡಿದರೆ ತಿರುಗಿ ಮಾಡಲಿಲ್ಲ.

ಪ್ರಿನ್ಸಿಪಾಲರು ಎತ್ತರದ ಹೆಂಗಸು. ಎಲ್ಲರಿಗೂ ನೀರು ಬೇಕೇ ಎಂದು ಕೇಳಿ, ಯಾರಿಗೂ ಬೇಡವಾದ ಮೇಲೆ, ಇಲ್ಲಿ ಯಾರನ್ನೂ ದೂಷಿಸಲು ಸೇರಿಲ್ಲ, ಏನಾಯಿತೆಂದು ಅರ್ಥಮಾಡಿಕೊಳ್ಳಲು ಸೇರಿದ್ದೇವೆ ಎಂದರು. ದೂಷಿಸುವವರು ಯಾವಾಗಲೂ ಹೀಗೆಯೇ ಶುರುಮಾಡುವುದು. ಸಿಯಾ ಹಿಮದ ಮೇಲೆ ಜಾರಿಯೇ ಬಿದ್ದದ್ದು, ಅದನ್ನು ಎಲ್ಲರೂ ನೋಡಿದ್ದಾರೆ, ಆ ಬಗ್ಗೆ ಪ್ರಶ್ನೆಯಿಲ್ಲ. ಪ್ರಶ್ನೆ ಇರುವುದು ಅದಕ್ಕೆ ಮೊದಲು ಆಡಿದ ಮಾತಿನ ಬಗ್ಗೆ. ಆಮೇಲೆ ಶಿವರಾಮನ ಕಡೆ ತಿರುಗಿ, ನೀವೂ ಅದೇ ಭಾಷೆಯವರಲ್ಲವೇ, ಮಕ್ಕಳಿಗೆ ಇಂಥ ಮಾತು ಹೇಳುವುದು ಸಾಮಾನ್ಯವೇ ಎಂದು ಕೇಳಿದರು. ಶಿವರಾಮ್ ಬಾಯಿ ತೆರೆದ. ಅಷ್ಟರಲ್ಲಿ ಪ್ರಿನ್ಸಿಪಾಲರು, ಬಹಳ ಮೃದುವಾಗಿಯೇ, ‘ಅಂದರೆ, ನಿಮ್ಮ ಮನೆಯಲ್ಲಿ ಸಿಯಾಳಿಗೆ ಹೀಗೆ ಹೇಳುತ್ತೀರಾ?’ ಎಂದು ಸೇರಿಸಿದರು.

ಶಿವರಾಮನ ಕಣ್ಣು ಗೋಡೆಯ ಕಡೆ ಹೋಯಿತು. ಮಕ್ಕಳಿಗೆ ಮನೆಯಲ್ಲಿ ಭಯವಿದ್ದರೆ ಯಾರಿಗೆ ಹೇಳಬೇಕೆಂಬ ಪೋಸ್ಟರು ಅಲ್ಲಿತ್ತು. ಅವನ ತಲೆಯಲ್ಲಿ ಏನು ಓಡುತ್ತಿದೆ ಎಂದು ಬೇಬಿಗೆ ಬಿಡಿಬಿಡಿಯಾಗಿ ಕಂಡಿತು. ಅಪ್ಪ ನನ್ನ ಚರ್ಮ ಸುಲಿಯುತ್ತಾನಂತೆ ಎಂದು ಯಾವುದೋ ಮಗು ಕ್ಲಾಸಿನಲ್ಲಿ ಹೇಳಿ, ಮರುದಿನ ಮನೆಯ ಬಾಗಿಲಿಗೆ ಇಬ್ಬರು ಅಧಿಕಾರಿಗಳು ಬಂದು ಫ್ರಿಜ್ಜು ತೆರೆದು ನೋಡಿದ ಕಥೆ ಇಲ್ಲಿನ ಕನ್ನಡದವರೆಲ್ಲರಿಗೂ ಗೊತ್ತಿತ್ತು. ಯಾರ ಮನೆಗೆ ಬಂದದ್ದು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗ್ರೀನ್ ಕಾರ್ಡಿಗೆ ಕಾಯುತ್ತಿರುವ ಮನುಷ್ಯ ಪಾಪ, ಫ್ರಿಜ್ಜು ತೆರೆಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ‘ನೋ,’ ಎಂದ ಶಿವರಾಮ್. ‘ನೋ, ನೋ. ನೆವರ್. ಇಂಥ ಮಾತನ್ನು ನಾನು ಕೇಳಿಯೇ ಇಲ್ಲ.’ ಹೇಳಿ ಬ್ಯಾಡ್ಜನ್ನು ಅಂಗಿಯೊಳಗೆ ಸೇರಿಸಿಕೊಂಡ. ಬೇಬಿಗೆ ಮೊದಲು ಸಿಟ್ಟು ಬಂತು, ಆಮೇಲೆ ಸಿಟ್ಟೂ ಬರಲಿಲ್ಲ. ತಾನು ಹಣ್ಣು ಹಿಡಿದು ಹೋಗದೆ ಇದ್ದುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎನ್ನಿಸಿತು. ಅಕ್ಕಿಯ ಡ್ರಮ್ಮು ಕಣ್ಣ ಮುಂದೆ ಬಂತು.

ಪ್ರಿನ್ಸಿಪಾಲರು ಬೇಬಿಯ ಕಡೆ ತಿರುಗಿದರು. ಅನುವಾದದಲ್ಲಿ ಏನೋ ತಪ್ಪಿರಬಹುದು, ಅದಕ್ಕೆ ಅವಕಾಶ ಕೊಡೋಣ. ಆ ದಿನ ಆಡಿದ ಮಾತನ್ನೇ, ನಿಮ್ಮ ಭಾಷೆಯಲ್ಲೇ, ದಯವಿಟ್ಟು ಇನ್ನೊಮ್ಮೆ ಹೇಳಿ. ಶಿವರಾಮ್ ಅದರ ಅರ್ಥ ಹೇಳಲಿ ಎಂದರು. ಹೇಳಿದರೆ ಆಗಿಹೋಗುತ್ತಿತ್ತು. ಅಷ್ಟು ಕೇಳಿದ ಮೇಲೆ ಅಜ್ಜಿ ಸುಮ್ಮನಿರುತ್ತಿರಲಿಲ್ಲ, ಅಯ್ಯೋ ಇದಾ ಎನ್ನುತ್ತಿದ್ದಳು, ಎಲ್ಲವೂ ಬಗೆಹರಿಯುತ್ತಿತ್ತು. ಬೇಬಿ ಉಸಿರು ಎಳೆದುಕೊಂಡಳು. ಎದುರಿಗೆ ಸಿಯಾ. ಒಂದು ಕಾಲು ನೇರಳೆ ಪ್ಲಾಸ್ಟರಿನಲ್ಲಿ ಮುಂದಕ್ಕೆ ಚಾಚಿದೆ. ಇನ್ನೊಂದು ಕಾಲಿನಲ್ಲಿ ಶೂ ಇದೆ, ದಾರ ಬಿಚ್ಚಿದೆ, ಕುರ್ಚಿಯಿಂದ ಇಳಿಬಿಟ್ಟ ಆ ಕಾಲು ಹಿಂದಕ್ಕೂ ಮುಂದಕ್ಕೂ ಆಡುತ್ತಿದೆ. ಮುರಿಯದ ಕಾಲು. ಅದನ್ನು ನೋಡುತ್ತ ಆ ಮಾತು ಆಡುವುದು ಹೇಗೆ? ಬಿ.ಎಡ್. ಅಲ್ಲ, ಇನ್ನೇನು ಓದಿದ್ದರೂ ಬೇಬಿಯಿಂದ ಅದು ಸಾಧ್ಯವಿರಲಿಲ್ಲ. ‘ನನಗೆ ಹೇಳಲಿಕ್ಕೆ ಆಗುವುದಿಲ್ಲ’ ಎಂದಳು ಇಂಗ್ಲಿಷಿನಲ್ಲಿ. ಯಾಕೆ ಎಂದರು ಪ್ರಿನ್ಸಿಪಾಲರು. ಹೇಳಿದರೆ ಆಗಿಬಿಡಬಹುದು ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಹೇಳಿದರೂ ಅದು ಇನ್ನೊಂದು ಬೆದರಿಕೆಯ ಹಾಗೆ ಕೇಳುತ್ತದೆ. ‘ಆಗುವುದಿಲ್ಲ,’ ಎಂದಳು ಮತ್ತೆ. ಪ್ರಿನ್ಸಿಪಾಲರು ತಲೆಯಾಡಿಸಿದರು. ಅದು ಅರ್ಥವಾಯಿತು ಎಂಬ ತಲೆಯಾಡಿಸುವಿಕೆ, ಮತ್ತು ಅರ್ಥವಾದದ್ದು ಪೂರಾ ತಪ್ಪು.

‘ಏನಂತ್ಲಾ ಅವಳ್ದು?’ ಎಂದಳು ಚಿಕ್ಕತಾಯಮ್ಮ ಮಗನಿಗೆ, ಪ್ರಿನ್ಸಿಪಾಲರ ಕಡೆ ಗಲ್ಲ ತೋರಿಸಿ.

‘ಏನಿಲ್ಲ ಸುಮ್ನಿರಮ್ಮ.’

ಸಿಯಾ ಕುರ್ಚಿಯಲ್ಲೇ ಹಿಂದಕ್ಕೆ ಕತ್ತು ತಿರುಗಿಸಿದಳು. ಅವಳಿಗೆ ಈ ಸಭೆ ಆಗಲೇ ಬೇಸರ ಬಂದಿತ್ತು. ‘ಅಜ್ಜಿ, ಮಿಸ್ ಬೇಬಿ ಹೇಳ್ಬೇಕಂತೆ. ಆ ಲೆಗ್ ಒನ್. ಕಾಲ್ ಮುರ್ದು ಕೈಗ್ ಕೊಡ್ತೀನಿ. ದಟ್ ಒನ್.’

‘ಥೂ, ಬಿಡ್ತು ಅನ್ನು!’ ಅಜ್ಜಿಯ ದನಿಗೆ ಪ್ರಿನ್ಸಿಪಾಲರ ಪೆನ್ನು ಕೈಯಿಂದ ಜಾರಿತು. ‘ಒಂದ್ ಮುರ್ಕಂಡ್ ಕೂತಿದ್ದೀಯ, ಇನ್ನೊಂದ್ನೂ ಮುರ್ಕಬೇಕೇನೇ? ಅನ್ನು ಬಿಡ್ತು ಅಂತ! ಇನ್ನೊಂದ್ ಸಲ ಆ ಮಾತಾಡು, ನಾಲ್ಗೆ ಸೀಳ್ಬುಡ್ತೀನಿ ನೋಡು!’

‘ಬಿಡ್ತು, ಬಿಡ್ತು,’ ಎಂದು ಸಿಯಾ ನಕ್ಕಳು. ಆಮೇಲೆ ಪ್ರಿನ್ಸಿಪಾಲರಿಗೆ ಅನುಕೂಲವಾಗಲೆಂದು ಇಂಗ್ಲಿಷಿನಲ್ಲಿ ವರದಿ ಮಾಡಿದಳು: ಈಗ ಅಜ್ಜಿ ನನ್ನ ನಾಲಿಗೆಯನ್ನು ಎರಡು ಸೀಳು ಮಾಡುತ್ತಾಳಂತೆ.

ಶಿವರಾಮ್ ನೆಲ ನೋಡಿದ. ಚಿಕ್ಕತಾಯಮ್ಮನಿಗೆ ಇದಾವುದರ ಪರಿವೆಯೂ ಇರಲಿಲ್ಲ. ಕೆಟ್ಟ ಮಾತು ಬಂದುಹೋಯಿತಲ್ಲ ಎಂದು ಅವಳು ಬಗ್ಗಿ, ಮೊಮ್ಮಗಳ ಮುಖವನ್ನು ಎರಡೂ ಅಂಗೈಯಿಂದ ಸವರಿ, ಬೆರಳುಗಳನ್ನು ತನ್ನ ಕಿವಿಯ ಹತ್ತಿರ ಒಯ್ದು ಒತ್ತಿ ನೆಟಿಗೆ ಮುರಿದಳು. ಲಟಲಟನೆ ಸದ್ದಾಯಿತು. ಪ್ರಿನ್ಸಿಪಾಲರು ಕುರ್ಚಿಯಲ್ಲಿ ಒಮ್ಮೆ ಬೆಚ್ಚಿದರು. ಸಿಯಾ ಮಾತ್ರ ಕಣ್ಣು ಮುಚ್ಚಿ ಅಜ್ಜಿಯ ಜಾಕೆಟ್ಟಿಗೆ ತಲೆ ಒರಗಿಸಿ ಕೂತಿದ್ದಳು, ಹಾಗೇ ನಿದ್ದೆ ಹೋಗುತ್ತಾಳೇನೋ ಎನ್ನುವಷ್ಟು ಆರಾಮವಾಗಿ. ‘ಅಜ್ಜಿ ಸೇಸ್ ಇಟ್ ಆಲ್ ದ ಟೈಮ್,’ ಎಂದಳು ಕಣ್ಣು ಮುಚ್ಚಿಕೊಂಡೇ. ‘ಡ್ಯಾಡ್‌ಗೂ ಹೇಳ್ತಾಳೆ.’

ಪ್ರಿನ್ಸಿಪಾಲರು ಆ ಇಬ್ಬರನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಶಿವರಾಮನನ್ನು ನೋಡಿದರು. ‘ಇಟ್ಸ್ ಕಲ್ಚರಲ್,’ ಎಂದ ಅವನು ನೆಲಕ್ಕೆ. ಆಮೇಲೆ ಪ್ರಿನ್ಸಿಪಾಲರು ಬೇಬಿಯನ್ನು ನೋಡಿ, ಶಿಕ್ಷಕಿಯಾಗಿ ನಿಮಗೆ ಈ ಮನೆಯ ಬಗ್ಗೆ ಏನಾದರೂ ಆತಂಕವಿದೆಯೇ ಎಂದು ಕೇಳಿದರು. ಈಗ ಶಿವರಾಮ್ ತಲೆಯೆತ್ತಿದ. ಅವನು ಹಾಗೆ ನೋಡಬಾರದಿತ್ತು. ಬೇಬಿಗೆ ಸೇಡು ತೀರಿಸಿಕೊಳ್ಳುವ ಯೋಚನೆಯೇ ಬಂದಿರಲಿಲ್ಲ, ಅವನ ನೋಟದಿಂದಲೇ ಹಾಗೊಂದು ದಾರಿಯಿದೆ ಎಂದು ಗೊತ್ತಾದದ್ದು. ‘ಯಾವ ಆತಂಕವೂ ಇಲ್ಲ,’ ಎಂದಳು. ‘ಪ್ರೀತಿ ಇಲ್ಲದವರಿಗೆ ನಾವು ಅಷ್ಟು ಉದ್ದ ಬೈಯುವುದಿಲ್ಲ.’ ಇಲ್ಲಿಗೆ ಬಂದ ಮೇಲೆ ಅವಳು ಇಂಗ್ಲಿಷಿನಲ್ಲಿ ಆಡಿದ ಒಂದೇ ಒಂದು ಸರಿಯಾದ ವಾಕ್ಯ ಅದು.

ಮಾತುಕತೆ ಮುಗಿಯಿತು. ಬೆದರಿಕೆ ಎಂದು ಪರಿಗಣಿಸುವುದಿಲ್ಲ, ಏಜೆನ್ಸಿಗೆ ತಿಳಿಸುವ ಅಗತ್ಯ ಕಾಣುವುದಿಲ್ಲ, ಕಿಯಾರಾಳ ತಾಯಿಗೆ ನಾವೇ ಹೇಳುತ್ತೇವೆ ಎಂದರು ಪ್ರಿನ್ಸಿಪಾಲರು. ಒಂದೇ ಒಂದು ವಿಷಯ: ಇನ್ನು ಮುಂದೆ ಶಾಲೆಯ ಮಕ್ಕಳ ಜೊತೆ ಇಂಗ್ಲಿಷಿನಲ್ಲಿ ಮಾತ್ರ, ಎಲ್ಲರ ಸುರಕ್ಷತೆಗಾಗಿ. ಬೇಬಿ ಥ್ಯಾಂಕ್ ಯೂ ಎಂದಳು. ಕೆಲಸ ಉಳಿಯಿತು, ಕೋಣೆ ಉಳಿಯಿತು, ಚಿಲಕ ಉಳಿಯಿತು. ಎದೆ ಹಗುರಾಗುತ್ತದೆ ಎಂದು ಕಾದಳು, ಆಗಲಿಲ್ಲ. ಬೇರೆ ಯಾರದೋ ಕೇಸು ಖುಲಾಸೆಯಾದ ಸುದ್ದಿ ಕೇಳಿದಂತಿತ್ತು.

ಹೊರಗೆ ಕಾರಿಡಾರಿನಲ್ಲಿ ಶಿವರಾಮ್ ಕೋಟಿನ ಜಿಪ್ಪು ಹಾಕುವುದರಲ್ಲೇ ತುಂಬ ಹೊತ್ತು ಕಳೆದ. ‘ಮೇಡಂ, ನನ್ನ ಸಿಚುಯೇಶನ್ ನಿಮ್ಗೆ ಗೊತ್ತಲ್ಲ,’ ಎಂದ. ‘ಗೊತ್ತುಂಟು,’ ಎಂದಳು ಬೇಬಿ. ಅವನು ಕಾರು ಬಾಗಿಲ ಹತ್ತಿರ ತರುತ್ತೇನೆಂದು ಓಡಿದ. ಓಡಬೇಡಿ, ಜಾರುತ್ತದೆ ಎನ್ನಲು ಹೋಗಿ ಬೇಬಿ ಬಾಯಿ ಮುಚ್ಚಿಕೊಂಡಳು. ಉಳಿದವರು ಮೂವರು. ಬೇಬಿ ಸಿಯಾಳ ಎದುರು ಮಂಡಿಯೂರಿ ಕೂತಳು. ಸಾರಿ ಎನ್ನಬಾರದು ಎಂದು ರಮಾನಾಥ ಅಂಕಲ್ ಹೇಳಿದ್ದು ತಲೆಯಲ್ಲಿತ್ತು, ಇಂಗ್ಲಿಷೇ ಆಡಬೇಕೆಂದು ಪ್ರಿನ್ಸಿಪಾಲರು ಹೇಳಿದ್ದೂ ಇತ್ತು. ಏನೂ ತೋಚದೆ ಅವಳ ಶೂ ದಾರ ಕಟ್ಟತೊಡಗಿದಳು.

‘ಮೇಡಮ್ಮೋರೆ,’ ಎಂದಳು ಮೇಲಿನಿಂದ ಚಿಕ್ಕತಾಯಮ್ಮ. ‘ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ.’

‘ಕೇಳಿ ಅಮ್ಮ.’

‘ನಮ್ಮವ್ವ ನಂಗೆ ಇದ್ನೇ ಅಂತಿದ್ಲು. ನಾನು ಇವ್ರಪ್ಪಂಗೆ ಅಂತಿದ್ದೆ, ಈಗ ಈ ಮೊಗೀಗೂ ದಿನಾ ಅಂತೀನಿ. ಯಾರ್ ಕಾಲೂ ಮುರೀನಿಲ್ಲ. ನೀವು ಒಂದ್ ಸಲ ಅಂದ್ರಂತೆ.’ ಅಜ್ಜಿ ದನಿ ತಗ್ಗಿಸಿದಳು, ಅದರಲ್ಲಿ ಕೋಪವಿರಲಿಲ್ಲ, ವೈದ್ಯರು ಕೇಳುವ ಹಾಗೆ ಕೇಳಿದಳು. ‘ನಿಮ್ದು ಕರಿನಾಲ್ಗೆ ಏನವ್ವ?’

ಬೇಬಿ ದಾರ ಬಿಟ್ಟು ಎದ್ದು ನಿಂತಳು. ಇಡೀ ವಾರ ಯಾರಾದರೂ ಕೇಳಲಿ ಎಂದು ಅವಳು ಕಾಯುತ್ತಿದ್ದುದು ಇದನ್ನೇ. ಬೇರೆ ಯಾರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಅವಳೂ ಅದಕ್ಕೆ ಹೆಸರು ಕೊಟ್ಟಿರಲಿಲ್ಲ. ನಾಲಿಗೆಯ ಮೇಲೆ ಮಚ್ಚೆ ಇದ್ದವರು ಆಡಿದ ಕೆಟ್ಟದ್ದು ಆಗಿಯೇ ತೀರುತ್ತದಂತೆ. ‘ಗೊತ್ತಿಲ್ಲಮ್ಮ,’ ಎಂದಳು. ‘ನಾನು ಯಾವತ್ತೂ ಸರಿಯಾಗಿ ನೋಡಿಕೊಂಡದ್ದಿಲ್ಲ.’

‘ಎಲ್ಲಿ, ಚಾಚು ನೋಡಾನ.’

ಬೇಬಿ ನಾಲಿಗೆ ಚಾಚಿದಳು. ಕ್ಲಾಸು ಬದಲಾಗುವ ಹೊತ್ತು. ಬಾಗಿಲುಗಳು ತೆರೆದು ಮಕ್ಕಳು ಸಾಲುಸಾಲಾಗಿ ಹೊರಬಂದರು, ಲೆಕ್ಕದ ಮಿಸ್ ಬೇಬಿ ಕಾರಿಡಾರಿನ ನಡುವೆ ನಾಲಿಗೆ ಚಾಚಿ ನಿಂತದ್ದನ್ನು ನೋಡುತ್ತ ಗೋಡೆ ಸವರಿಕೊಂಡು ಹೋದರು. ಅಜ್ಜಿ ಅವಸರ ಮಾಡಲಿಲ್ಲ. ಬೇಬಿಯ ಗಲ್ಲ ಹಿಡಿದು ಮುಖವನ್ನು ಟ್ಯೂಬ್‌ಲೈಟಿನ ಕಡೆ ಎತ್ತಿದಳು, ಬಲಕ್ಕೆ ತಿರುಗಿಸಿದಳು, ಎಡಕ್ಕೆ ತಿರುಗಿಸಿದಳು. ‘ಇನ್ನೂ ಚಾಚು,’ ಎಂದಳು. ‘ಮೇಲಕ್ಕೆತ್ತು, ಅಡೀಲೂ ನೋಡ್ಬೇಕು.’ ಸಿಯಾ ಕುರ್ಚಿಯಲ್ಲೇ ಮುಂದಕ್ಕೆ ಬಗ್ಗಿ ತಾನೂ ನೋಡಿದಳು. ಬೇಬಿ ಕಣ್ಣು ಮುಚ್ಚಿಕೊಂಡಳು. ಇದೆ ಎಂದುಬಿಟ್ಟರೆ ಏನು ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ. ಮಕ್ಕಳಿರುವ ಕಡೆ ಮತ್ತೆ ಎಂದೂ ಬಾಯಿ ತೆರೆಯಲಾರಳು.

‘ಇಲ್ಲ ಕಣವ್ವ,’ ಎಂದಳು ಚಿಕ್ಕತಾಯಮ್ಮ. ‘ಒಂದ್ ಚುಕ್ಕೀನೂ ಇಲ್ಲ. ಚೊಕ್ಕವಾಗೈತೆ. ಮೊಗ ಮಂಜ್ ಮ್ಯಾಲೆ ಜಾರ್ ಬಿದ್ದದೆ, ಅಷ್ಟೆ.’

ಪ್ರಿನ್ಸಿಪಾಲರು ಬಾಗಿಲು ತೆರೆದು ಹೊರಗೆ ಬಂದರು. ಒಮ್ಮೆ ನೋಡಿದರು, ಮತ್ತೊಮ್ಮೆ ನೋಡಿದರು. ಎಲ್ಲ ಸರಿಯಾಗಿದೆಯೇ ಮಿಸ್ ಬೇಬಿ ಎಂದು ಕೇಳಿದರು. ಸರಿಯಾಗಿದೆ ಎನ್ನಬೇಕಾದರೆ ನಾಲಿಗೆಯನ್ನು ಒಳಗೆ ಎಳೆದುಕೊಳ್ಳಬೇಕಿತ್ತು; ಎಳೆದುಕೊಂಡರೆ ಅಳು ಬರುತ್ತಿತ್ತು. ಎಳೆದುಕೊಂಡಳು. ಅಳು ಬಂತು.